ಕಣದಲ್ಲಿ ನಲವತ್ತು ಸುತ್ತು: ಅಮ್ಮತ್ತಿ ಕಡೆಯ ಒಬ್ಬ ಟೀಚರ್ ಮತ್ತು ಅವರ ಸ್ಟ್ರೋಕ್

ನಾನು ಫಿಸಿಯೋಥೆರಪಿಸ್ಟ್. ಕೊಡಗಿನ ವಿರಾಜಪೇಟೆ, ಗೋಣಿಕೊಪ್ಪ, ಸಿದ್ದಾಪುರದ ಸುತ್ತಮುತ್ತ ಮನೆಗಳಿಗೆ ಹೋಗಿ ಸ್ಟ್ರೋಕ್ ಆದವರಿಗೆ ವ್ಯಾಯಾಮ ಮಾಡಿಸುತ್ತೇನೆ. ಇಲ್ಲಿ ಹೇಳುತ್ತಿರುವುದು ಒಬ್ಬರೇ ಒಬ್ಬರ ವಿಷಯ. ಅವರನ್ನು ಕೇಳಿಯೇ ಬರೆಯುತ್ತಿದ್ದೇನೆ. ಎಲ್ಲ ಬರಿ, ಹೆಸರು ಮಾತ್ರ ಬೇಡ ಎಂದರು. ಊರಿಗೆಲ್ಲ ಅವರು ಟೀಚರ್, ನನಗೂ ಟೀಚರ್.

ವಯಸ್ಸು 68. ಅಮ್ಮತ್ತಿಯಿಂದ ಸ್ವಲ್ಪ ಒಳಗೆ ಮನೆ. ಮಗ, ಸೊಸೆ, ಇಬ್ಬರು ಮೊಮ್ಮಕ್ಕಳು, ಐದೂವರೆ ಎಕರೆ ರೊಬಸ್ಟಾ ಕಾಫಿ, ಮರಗಳಿಗೆ ಹಬ್ಬಿಸಿದ ಮೆಣಸು. ಪ್ರಾಥಮಿಕ ಶಾಲೆಯಲ್ಲಿ ಮೂವತ್ತು ವರ್ಷಕ್ಕೂ ಜಾಸ್ತಿ ಪಾಠ ಹೇಳಿದವರು. ಆ ದಾರಿಗೆ ಬಸ್ ದಿನಕ್ಕೆ ಎರಡೇ ಇತ್ತು, ಎರಡೂ ಶಾಲೆಯ ಹೊತ್ತಿಗೆ ಹೊಂದುತ್ತಿರಲಿಲ್ಲ. ಹಾಗಾಗಿ ಹೋಗಲು ಮೂರು ಕಿಲೋಮೀಟರ್, ಬರಲು ಮೂರು ಕಿಲೋಮೀಟರ್, ಏರು ಇಳಿವಿನ ದಾರಿಯಲ್ಲಿ ನಡಿಗೆ. ಮಳೆಗಾಲದಲ್ಲಿ ಕಾಲಿಗೆ ಹತ್ತಿದ ಇಂಬಳ ಕಿತ್ತು ಎಸೆಯುತ್ತಾ ನಡೆದಿದ್ದಾರೆ.

ನಿವೃತ್ತಿಯಾದ ಮೇಲೂ ನಡಿಗೆ ಬಿಡಲಿಲ್ಲ. ಮೊದಲು ಬೆಳಿಗ್ಗೆ ರಸ್ತೆಯಲ್ಲೇ ಹೋಗುತ್ತಿದ್ದರು. ಆಮೇಲೆ ಆನೆಗಳ ಓಡಾಟ ಜಾಸ್ತಿಯಾಯಿತು. ಬೆಳಕು ಹರಿಯುವ ಮೊದಲು ತೋಟದ ರಸ್ತೆಗೆ ಇಳಿಯುವುದು ನಮ್ಮ ಕಡೆ ಈಗ ಪ್ರಾಣದ ಪ್ರಶ್ನೆ, ಸಿದ್ದಾಪುರದ ಕಡೆಯವರಿಗೆ ಇದನ್ನು ವಿವರಿಸಬೇಕಿಲ್ಲ. ಹಾಗಂತ ಟೀಚರ್ ಸುಮ್ನೆ ಕೂರಲಿಲ್ಲ. ಮನೆ ಮುಂದೆ ಕಾಫಿ ಒಣಗಿಸುವ ಕಣ ಇದೆಯಲ್ಲ, ಅದರ ಸುತ್ತಲೇ ನಡೆಯಲು ಶುರು ಮಾಡಿದರು. ಲೆಕ್ಕಕ್ಕೆ ಕಟ್ಟೆಯ ಮೇಲೆ ಎರಡು ಬಟ್ಟಲು. ಒಂದು ಸುತ್ತು ಮುಗಿದರೆ ಒಂದು ಕಾಫಿ ಬೀಜ ಆ ಬಟ್ಟಲಿನಿಂದ ಈ ಬಟ್ಟಲಿಗೆ. ನಲವತ್ತು ಬೀಜ, ಸುಮಾರು ನಲವತ್ತು ನಿಮಿಷ. ಮಳೆಗಾಲದಲ್ಲಿ ಕಣ ಪಾಚಿ ಹಿಡಿದು ಜಾರುವುದರಿಂದ ಮನೆಯ ಉದ್ದನೆಯ ಜಗಲಿಯಲ್ಲಿ ಆ ಕಡೆಯಿಂದ ಈ ಕಡೆಗೆ. ಭಾನುವಾರ ರಜೆ. ವಾರಕ್ಕೆ ಆರು ದಿನ ನಲವತ್ತು ನಿಮಿಷ ಅಂದರೆ ಸರಿಯಾಗಿ ನಾಲ್ಕು ಗಂಟೆ. ಈ ನಾಲ್ಕು ಗಂಟೆ ಮುಂದೆ ಮತ್ತೆ ಬರುತ್ತದೆ.

ಸಕ್ಕರೆ ಕಾಯಿಲೆ ಇಲ್ಲ, ಹೊಗೆಸೊಪ್ಪಿನ ಅಭ್ಯಾಸ ಇಲ್ಲ. ಬಿಪಿ ಇತ್ತು. 59ನೇ ವಯಸ್ಸಿನಲ್ಲಿ ಗೊತ್ತಾಗಿ ಮಾತ್ರೆ ಬರೆದುಕೊಟ್ಟಿದ್ದರು. ತಲೆನೋವು ಬಂದ ದಿನ ತೆಗೆದುಕೊಳ್ಳುವುದು, ಇಲ್ಲದ ದಿನ ಬಿಡುವುದು. ಸ್ಟ್ರೋಕ್ ಆಗುವ ಮೊದಲಿನ ಮೂರು ವಾರ ಮಾತ್ರೆ ಮುಟ್ಟಿಯೇ ಇರಲಿಲ್ಲ. ಮಳೆ ಅಂತ ಪೇಟೆಗೆ ಹೋಗಿರಲಿಲ್ಲ, ಇದ್ದದ್ದು ಮುಗಿದಿತ್ತು. "ದಿನಾ ನಡೀತೀನಲ್ಲ, ನಂಗೇನಾಗತ್ತೆ ಅಂದ್ಕೊಂಡಿದ್ದೆ" ಎಂದು ಆಮೇಲೆ ನನ್ನ ಹತ್ತಿರ ಹೇಳಿದರು. ಈ ಮಾತನ್ನು ನಾನು ಎಷ್ಟು ಮನೆಗಳಲ್ಲಿ ಕೇಳಿದ್ದೇನೋ. ಪ್ರತಿ ಸಲವೂ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ, ಯಾಕೆಂದರೆ ಹೀಗೆ ಹೇಳುವವರು ಸೋಮಾರಿಗಳಲ್ಲ, ದೇಹವನ್ನು ಚೆನ್ನಾಗಿ ನೋಡಿಕೊಂಡವರು. ನಿಯಮಿತವಾಗಿ ನಡೆದರೆ ಬಿಪಿ ಇಳಿಯುವುದು ನಿಜ. ಆದರೆ ಬಿಪಿ ಇರುವವರಲ್ಲಿ ಅದು ಮೇಲಿನ ಅಂಕಿಯನ್ನು ಇಳಿಸುವುದು ಸಾಮಾನ್ಯವಾಗಿ 5ರಿಂದ 8ರಷ್ಟು. 170 ಇದ್ದವರಿಗೆ ಅಷ್ಟು ಸಾಕಾಗಲ್ಲ, ಅಲ್ವಾ?

ಕಳೆದ ಜುಲೈ ತಿಂಗಳು. ಮೂರು ದಿನದಿಂದ ಬಿಟ್ಟೂ ಬಿಡದೆ ಮಳೆ. ಕರೆಂಟ್ ಇಲ್ಲ, ಮೊಬೈಲ್ ಟವರ್ ಕೂಡ ಸತ್ತಿತ್ತು. ಟೀಚರ್ ಬೆಳಿಗ್ಗೆ 5:45ಕ್ಕೆ ಎದ್ದು ಬಚ್ಚಲ ಒಲೆಗೆ ಬೆಂಕಿ ಹಾಕಿ ಸೊಸೆಯ ಜೊತೆ ಮಾತಾಡಿದ್ದಾರೆ. 6:20ಕ್ಕೆ ಕೈಯಲ್ಲಿದ್ದ ಕಾಫಿ ಲೋಟ ಬಿತ್ತು. ಏನಾಯ್ತು ಅಂತ ಕೇಳಿದರೆ ಬಾಯಿಂದ ಬಂದದ್ದು ಮಾತಲ್ಲ, ಮಾತಿನಂಥ ಸದ್ದು. ಬಾಯಿಯ ಬಲಭಾಗ ಸ್ವಲ್ಪ ಇಳಿದಿತ್ತು. ಮಗುವನ್ನು ಎಬ್ಬಿಸಲು ಇಟ್ಟಿದ್ದ ಅಲಾರಂ ಆಗಲೇ ಹೊಡೆದದ್ದರಿಂದ ಸೊಸೆಗೆ ಆ ಹೊತ್ತು ಸರಿಯಾಗಿ ನೆನಪಿದೆ. ಆಸ್ಪತ್ರೆಯಲ್ಲಿ ಮೊದಲು ಕೇಳುವುದೇ ಇದನ್ನು: ಕೊನೆಯ ಸಲ ಚೆನ್ನಾಗಿದ್ದದ್ದು ಎಷ್ಟು ಗಂಟೆಗೆ?

ಆಮೇಲೆ ಒಂದು ಗಂಟೆ ಹೋಯಿತು. ಮಲಗಿಸಿದರು, ಸುಸ್ತಿರಬೇಕು ಎಂದರು, ಸಕ್ಕರೆ ನೀರು ಕುಡಿಸಿದರು. ನೀರು ನೆತ್ತಿಗೆ ಹತ್ತಿ ಕೆಮ್ಮು ಬಂತು. ಸ್ಟ್ರೋಕ್ ಆದಾಗ ನುಂಗುವ ಶಕ್ತಿಯೂ ಕೆಡಬಹುದು, ಕುಡಿಸಿದ್ದು ಶ್ವಾಸಕೋಶಕ್ಕೆ ಹೋದರೆ ಅದೇ ಇನ್ನೊಂದು ದೊಡ್ಡ ಕಾಯಿಲೆ. ನೀರೂ ಬೇಡ, ಕಾಫಿಯೂ ಬೇಡ, ಮಾತ್ರೆಯೂ ಬೇಡ. ಪಕ್ಕದ ಮನೆಯವರು ಬಂದು ಲಕ್ವ ಹೊಡೆದಿದೆ, ಸೊಪ್ಪಿನ ಔಷಧಿ ಕೊಡುವವರಿದ್ದಾರೆ, ಅಲ್ಲಿಗೆ ಹೋಗೋಣ ಎಂದರಂತೆ. ಸೊಸೆ ಗಟ್ಟಿ ಹೆಂಗಸು. ಆಸ್ಪತ್ರೆಗೇ ಹೋಗಬೇಕು ಎಂದು ಹಠ ಹಿಡಿದರು. ಫೋನ್ ಇಲ್ಲದ್ದರಿಂದ 108ಕ್ಕೆ ಕರೆ ಮಾಡುವಂತಿರಲಿಲ್ಲ. ಮಗ ಪಕ್ಕದ ತೋಟಕ್ಕೆ ಓಡಿ ಅಲ್ಲಿನ ರೈಟರನ್ನೂ (ತೋಟದ ಲೆಕ್ಕಪತ್ರ ನೋಡುವವರು) ಜೀಪನ್ನೂ ಕರೆತಂದ. ಹೊರಟಾಗ 7:30.

ಅರ್ಧ ದಾರಿಯಲ್ಲಿ ದೊಡ್ಡ ಸಿಲ್ವರ್ ಓಕ್ ಮರ ರಸ್ತೆಗೆ ಅಡ್ಡ ಬಿದ್ದಿತ್ತು. ಅದನ್ನು ಕೊಯ್ದು ತೆಗೆಯಲು ಎಷ್ಟು ಹೊತ್ತೋ. ರೈಟರಿಗೆ ಎರಡು ಒಳದಾರಿ ಗೊತ್ತಿತ್ತು. ಒಂದು ಹಳೆಯ ಜೀಪ್ ದಾರಿ, ಹತ್ತಿರದ್ದು, ಆದರೆ ಯಾರೂ ಓಡಾಡದೆ ಲಂಟಾನ ಬೆಳೆದು ಮುಚ್ಚಿಹೋಗಿತ್ತು. ಇನ್ನೊಂದು ಸುತ್ತು ಬಳಸಿನ ತೋಟದ ರಸ್ತೆ. ಪಿಕಪ್, ಟ್ರ್ಯಾಕ್ಟರ್ ದಿನಾ ಓಡಾಡುವುದರಿಂದ ಕೆಸರಾದರೂ ತೆರೆದೇ ಇತ್ತು. ಅದರಲ್ಲೇ ಬಂದರು. 8:25ಕ್ಕೆ ಹತ್ತಿರದ ಪಟ್ಟಣದ ಒಂದು ಆಸ್ಪತ್ರೆ. ಅಲ್ಲಿ ಆ ದಿನ ಸ್ಕ್ಯಾನ್ ಮಾಡುವ ಸ್ಥಿತಿ ಇರಲಿಲ್ಲ. ಬಿಪಿ ನೋಡಿದರು, 190/100. ಮೈಸೂರಿಗೆ ಕಳಿಸುವ ಚೀಟಿ, ಆಂಬುಲೆನ್ಸಿಗೆ ಕಾಯುವುದು, ಎಲ್ಲ ಸೇರಿ ಹೊರಟಾಗ 9:05. ಗೋಣಿಕೊಪ್ಪ, ತಿತಿಮತಿ, ಆನೆಚೌಕೂರು, ಹುಣಸೂರು. ಆ ಮಳೆಯಲ್ಲಿ ಮೈಸೂರು ಮುಟ್ಟಿದಾಗ 11:40. ಸ್ಕ್ಯಾನ್ ಮುಗಿದಾಗ 12 ಗಂಟೆ.

ಲೋಟ ಬಿದ್ದು ಅಷ್ಟು ಹೊತ್ತಿಗೆ 5 ಗಂಟೆ 40 ನಿಮಿಷ.

ರಕ್ತನಾಳ ಕಟ್ಟಿಕೊಂಡ ಸ್ಟ್ರೋಕಿಗೆ ಹೆಪ್ಪು ಕರಗಿಸುವ ಇಂಜೆಕ್ಷನ್ ಇದೆ. 1995ರ ಅಮೆರಿಕದ ಪ್ರಯೋಗದಲ್ಲಿ ಅದನ್ನು ಕೊಟ್ಟದ್ದು 3 ಗಂಟೆಯ ಒಳಗೆ, 2008ರ ಯುರೋಪಿನ ಪ್ರಯೋಗದ ಮೇಲೆ ನಾಲ್ಕೂವರೆ ಗಂಟೆಯವರೆಗೂ ಕೊಡಬಹುದು ಎಂದಾಯಿತು. ಟೀಚರಿಗೆ ಆ ಹೊತ್ತು ದಾಟಿ ಹೋಗಿತ್ತು. ದೊಡ್ಡ ನಾಳಕ್ಕೆ ಹೆಪ್ಪು ಸಿಕ್ಕಿಕೊಂಡಿದ್ದರೆ ತೊಡೆಯ ಹತ್ತಿರದಿಂದ ತಂತಿ ಹಾಕಿ ಅದನ್ನು ಹೊರಗೆಳೆಯುವ ಚಿಕಿತ್ಸೆ ಇದೆ, ಆಯ್ದ ರೋಗಿಗಳಿಗೆ 24 ಗಂಟೆಯವರೆಗೂ ಮಾಡುತ್ತಾರೆ. ಇವರ ಹೆಪ್ಪು ಇದ್ದದ್ದು ಎಡಗಡೆಯ ಮುಖ್ಯ ನಾಳದಿಂದ ಒಡೆದ ಒಂದು ಶಾಖೆಯಲ್ಲಿ, ತೊಂದರೆಯೂ ಅಷ್ಟು ದೊಡ್ಡದಿರಲಿಲ್ಲ, ಹಾಗಾಗಿ ವೈದ್ಯರು ಅದನ್ನೂ ಬೇಡ ಎಂದರು. ರಕ್ತ ಹೆಪ್ಪುಗಟ್ಟದಿರಲು ಮಾತ್ರೆ, ಬಿಪಿಗೆ ನಿಧಾನವಾಗಿ ಚಿಕಿತ್ಸೆ, ನಿಗಾ. ಇಷ್ಟೇ.

ತೊಂದರೆ ಯಾಕೆ ಅಷ್ಟು ದೊಡ್ಡದಿರಲಿಲ್ಲ ಎಂಬುದೇ ಈ ಪ್ರಕರಣದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು.

ಸ್ಟ್ರೋಕ್ ಎಷ್ಟು ಜೋರಾಗಿದೆ ಎಂದು ಅಳೆಯಲು 0ರಿಂದ 42ರವರೆಗಿನ ಒಂದು ಅಂಕಪಟ್ಟಿ ಇದೆ. ಜಾಸ್ತಿ ಅಂಕ ಅಂದರೆ ಜಾಸ್ತಿ ಹಾನಿ. ಸುಮಾರು ಆರು ಗಂಟೆ ಚಿಕಿತ್ಸೆ ಇಲ್ಲದೆ ಕಳೆದ ಮೇಲೂ ಟೀಚರಿಗೆ ಬಂದದ್ದು 5. ಮರುದಿನದ ಎಂಆರ್‌ಐಯಲ್ಲಿ ಸತ್ತು ಹೋದ ಜಾಗ ಒಂದು ದೊಡ್ಡ ಅಡಿಕೆಯಷ್ಟು. ಆ ಶಾಖೆ ಸಾಕುವ ಜಾಗ ಅದರ ನಾಲ್ಕೈದು ಪಟ್ಟು. ಉಳಿದದ್ದು ಬದುಕಿದ್ದು ಹೇಗೆ? ಬಣ್ಣದ ಔಷಧಿ ಹಾಕಿ ತೆಗೆದ ಸ್ಕ್ಯಾನಿನಲ್ಲಿ ಅದು ಕಾಣುತ್ತಿತ್ತು. ಹೆಪ್ಪಿನ ಆಚೆಗೂ ರಕ್ತ ಬರುತ್ತಿತ್ತು. ಮುಂದಿನಿಂದಲ್ಲ, ಹಿಂದಿನಿಂದ, ಪಕ್ಕದ ನಾಳಗಳ ತುದಿಯಿಂದ, ಕೂದಲೆಳೆಯಂಥ ಅಡ್ಡನಾಳಗಳ ಮೂಲಕ. ಡಿಸ್ಚಾರ್ಜ್ ಚೀಟಿಯಲ್ಲಿ ಇದಕ್ಕೆ ಒಂದೇ ಸಾಲು: ಕೊಲ್ಯಾಟರಲ್ ಚೆನ್ನಾಗಿದೆ.

ಮಗನಿಗೆ ಇದನ್ನು ವಿವರಿಸುವಾಗ ನಾನು ಬೇರೆ ಹೋಲಿಕೆ ಹುಡುಕಬೇಕಾಗಲಿಲ್ಲ. ಅವನೇ ಆ ಬೆಳಿಗ್ಗೆ ಅಂಥ ದಾರಿಯಲ್ಲಿ ಬಂದಿದ್ದ. ಮುಖ್ಯ ರಸ್ತೆಗೆ ಮರ ಬಿದ್ದರೆ ತೋಟದ ರಸ್ತೆ. ಅದು ತೆರೆದಿದ್ದದ್ದು ದಿನಾ ಓಡಾಟ ಇದ್ದದ್ದಕ್ಕೆ. ಓಡಾಟ ನಿಂತ ದಾರಿಯನ್ನು ಲಂಟಾನ ನುಂಗಿತ್ತು. ಮೆದುಳಿನಲ್ಲೂ ಈ ಅಡ್ಡದಾರಿಗಳು ಹುಟ್ಟುವಾಗಲೇ ಇರುತ್ತವೆ, ಕೆಲವರಿಗೆ ಜಾಸ್ತಿ, ಕೆಲವರಿಗೆ ಕಡಿಮೆ. ವಯಸ್ಸಾದಂತೆ ಅವು ಸಣ್ಣಗಾಗುತ್ತವೆ, ಕೆಲವು ಮಾಯವೇ ಆಗುತ್ತವೆ. ಅಮೆರಿಕದ ನಾರ್ತ್ ಕ್ಯಾರೊಲಿನಾ ವಿಶ್ವವಿದ್ಯಾಲಯದವರು ಇಲಿಗಳಲ್ಲಿ ಇದನ್ನು ನೋಡಿದ್ದಾರೆ. ಚಕ್ರದ ಮೇಲೆ ಓಡಲು ಬಿಟ್ಟ ಇಲಿಗಳಲ್ಲಿ ಮುಪ್ಪು ಬಂದರೂ ಈ ನಾಳಗಳು ಉಳಿದುಕೊಂಡವು, ಸ್ಟ್ರೋಕಿನ ಹಾನಿಯೂ ಕಡಿಮೆಯಾಯಿತು.

ಇನ್ನೊಂದು ಪ್ರಯೋಗ ಬರ್ಲಿನ್ನಿನದು, 2003ರದ್ದು, ನನಗೆ ತುಂಬಾ ಇಷ್ಟವಾದದ್ದು. ಇಲಿಗಳನ್ನು ಮೂರು ವಾರ ಚಕ್ರದ ಮೇಲೆ ಓಡಿಸಿ, ಆಮೇಲೆ ಮೆದುಳಿನ ನಾಳ ಕಟ್ಟಿ ನೋಡಿದರು. ಓಡಿದ ಇಲಿಗಳಲ್ಲಿ ಸತ್ತ ಜಾಗ ಚಿಕ್ಕದಿತ್ತು, ಮೆದುಳಿಗೆ ಹರಿಯುವ ರಕ್ತ ಜಾಸ್ತಿ ಇತ್ತು. ಕಾರಣ ಹುಡುಕಿದಾಗ ಸಿಕ್ಕಿದ್ದು ನೈಟ್ರಿಕ್ ಆಕ್ಸೈಡ್. ನಾವು ಬಿರುಸಾಗಿ ನಡೆದಾಗ ರಕ್ತ ರಭಸದಿಂದ ಹರಿದು ನಾಳದ ಒಳಗೋಡೆಯನ್ನು ಉಜ್ಜುತ್ತದೆ. ಆ ಉಜ್ಜುವಿಕೆಗೆ ಗೋಡೆಯ ಕೋಶಗಳು ನೈಟ್ರಿಕ್ ಆಕ್ಸೈಡ್ ಬಿಡುತ್ತವೆ, ನಾಳ ಸಡಿಲಾಗಿ ಅಗಲವಾಗುತ್ತದೆ. ದಿನಾ ಹೀಗೆ ಆದರೆ ಅದನ್ನು ತಯಾರಿಸುವ ಕಿಣ್ವವೇ ಜಾಸ್ತಿಯಾಗುತ್ತದೆ. ಆ ಕಿಣ್ವ ಹುಟ್ಟಿನಿಂದಲೇ ಇಲ್ಲದ ಇಲಿಗಳನ್ನೂ ಅವರು ಓಡಿಸಿದರು. ಅವು ಎಷ್ಟು ಓಡಿದರೂ ರಕ್ಷಣೆ ಸಿಗಲಿಲ್ಲ. ಹಾಗಾಗಿ ಇದು ಬರೀ ಊಹೆಯಲ್ಲ, ಕೀಲಿ ಎಲ್ಲಿದೆ ಎಂದು ತೋರಿಸಿದ ಪ್ರಯೋಗ.

ಇಷ್ಟೆಲ್ಲ ಯಾಕೆ ಮುಖ್ಯ ಅಂದರೆ, ನಾಳ ಕಟ್ಟಿದ ತಕ್ಷಣ ಆ ಭಾಗವೆಲ್ಲ ಒಮ್ಮೆಗೇ ಸಾಯುವುದಿಲ್ಲ. ನಟ್ಟನಡುವೆ ಒಂದು ಭಾಗ ನಿಮಿಷಗಳಲ್ಲಿ ಹೋಗುತ್ತದೆ. ಅದರ ಸುತ್ತ ಒಂದು ಜಾಗ ಅರೆಜೀವದಲ್ಲಿ ಇರುತ್ತದೆ. ಕೆಲಸ ನಿಂತಿದೆ, ಉಸಿರು ನಿಂತಿಲ್ಲ. ವೈದ್ಯರು ಇದನ್ನು ಪೆನಂಬ್ರಾ ಎನ್ನುತ್ತಾರೆ. ನಮ್ಮ ತೂಕದಲ್ಲಿ ಮೆದುಳು ನೂರಕ್ಕೆ ಎರಡು ಪಾಲು, ಆಮ್ಲಜನಕ ಬೇಡುವುದು ಮಾತ್ರ ನೂರಕ್ಕೆ ಇಪ್ಪತ್ತು ಪಾಲು. ಇಷ್ಟು ಹಸಿವಿನ ಅಂಗ ಜಾಸ್ತಿ ಹೊತ್ತು ಕಾಯಲಾರದು. ದೊಡ್ಡ ನಾಳ ಕಟ್ಟಿದರೆ ಸರಾಸರಿ ನಿಮಿಷಕ್ಕೆ 19 ಲಕ್ಷ ನರಕೋಶ ಸಾಯುತ್ತವೆ ಎಂದು 2006ರಲ್ಲಿ ಲೆಕ್ಕ ಹಾಕಿದ್ದರು. ಅದು ಸರಾಸರಿ. ಒಬ್ಬೊಬ್ಬರಲ್ಲಿ ಈ ವೇಗ ಬೇರೆ, ಮತ್ತು ಬೇರೆಯಾಗಲು ದೊಡ್ಡ ಕಾರಣವೇ ಆ ಅಡ್ಡದಾರಿಗಳು.

ಮನುಷ್ಯರಲ್ಲಿ? ಸ್ವೀಡನ್ನಿನ ಗೋಥೆನ್‌ಬರ್ಗಿನಲ್ಲಿ ಸ್ಟ್ರೋಕ್ ಆದ 925 ಜನರನ್ನು ನೋಡಿ 2018ರಲ್ಲಿ ಪ್ರಕಟಿಸಿದ ಅಧ್ಯಯನ ಒಂದಿದೆ. ಸ್ಟ್ರೋಕಿಗೆ ಮೊದಲು ವಾರಕ್ಕೆ ಕನಿಷ್ಠ ನಾಲ್ಕು ಗಂಟೆ ಹಗುರವಾಗಿ ನಡೆಯುತ್ತಿದ್ದವರು, ಅಥವಾ ಎರಡು ಮೂರು ಗಂಟೆ ಈಜು, ಬಿರುಸು ನಡಿಗೆಯಂಥ ವ್ಯಾಯಾಮ ಮಾಡುತ್ತಿದ್ದವರು, ಇವರಿಗೆ ಬಂದ ಸ್ಟ್ರೋಕ್ ಸೌಮ್ಯವಾಗಿರುವ ಸಾಧ್ಯತೆ ಏನೂ ಮಾಡದವರಿಗಿಂತ ಎರಡು ಪಟ್ಟು. ನಾಲ್ಕು ಗಂಟೆ! ಕಣದ ಲೆಕ್ಕ ನೆನಪಾಯಿತಲ್ಲ? ಅದನ್ನು ಓದಿದ ದಿನ ನಾನು ಟೀಚರ ಮನೆಗೆ ಹೋಗಿ ಆ ಎರಡು ಬಟ್ಟಲುಗಳನ್ನು ಮತ್ತೊಮ್ಮೆ ನೋಡಿದೆ.

"ಹಾಗಾದ್ರೆ ಅಮ್ಮ ಉಳಿದದ್ದು ನಡೆದದ್ದಕ್ಕೇನಾ?" ಎಂದು ಮಗ ಕೇಳಿದ. ನಾನು ಹೌದು ಎನ್ನಲಿಲ್ಲ. ಒಬ್ಬರ ಕತೆಯಿಂದ ಅಷ್ಟು ಹೇಳುವುದು ತಪ್ಪು. ಅವರಿಗೆ ಹುಟ್ಟಿನಿಂದಲೇ ಒಳ್ಳೆಯ ಅಡ್ಡನಾಳಗಳು ಇದ್ದಿರಬಹುದು. ಹೆಪ್ಪು ಶಾಖೆಗೆ ಸಿಕ್ಕಿದ್ದು ಅದೃಷ್ಟ, ಬುಡದಲ್ಲೇ ಸಿಕ್ಕಿದ್ದರೆ ಎಷ್ಟು ನಡೆದಿದ್ದರೂ ಕತೆ ಬೇರೆಯಾಗುತ್ತಿತ್ತೇನೋ. ಸಕ್ಕರೆ ಕಾಯಿಲೆ ಇರಲಿಲ್ಲ, ಅದೂ ಸಹಾಯಕ್ಕೆ ಬಂದಿರಬಹುದು. ಸ್ವೀಡನ್ನಿನವರ ಅಧ್ಯಯನದಲ್ಲೂ ಜನರನ್ನು ಕೇಳಿದ್ದು ಸ್ಟ್ರೋಕ್ ಆದ ಮೇಲೆ, ನೆನಪಿನ ಮೇಲೆ. ದಿನಾ ನಡೆಯುವವರು ಬೇರೆ ಎಷ್ಟೋ ವಿಷಯಗಳಲ್ಲೂ ಆರೋಗ್ಯವಂತರಿರುತ್ತಾರೆ. ಇಲಿಯ ಮೆದುಳು ಮನುಷ್ಯನ ಮೆದುಳಲ್ಲ. ಇಷ್ಟೆಲ್ಲ ಹೇಳಿಯೂ ನಾನು ಅವನಿಗೆ ಕೊನೆಗೆ ಹೇಳಿದ್ದು ಇದು: ಇಲಿಯಲ್ಲಿ ಕಂಡ ದಾರಿ, ಸ್ವೀಡನ್ನಿನಲ್ಲಿ ಕಂಡ ಲೆಕ್ಕ, ನಿಮ್ಮಮ್ಮನ ಸ್ಕ್ಯಾನ್, ಮೂರೂ ಒಂದೇ ಕಡೆ ಮುಖ ಮಾಡಿವೆ. ನಡಿಗೆ ಅವರಿಗೆ ಹೊತ್ತು ಕೊಟ್ಟಿತು ಎಂದು ನಾನು ನಂಬುತ್ತೇನೆ. ಆ ಹೊತ್ತನ್ನು ನಾವು ಸಕ್ಕರೆ ನೀರಿನಲ್ಲಿ, ಚೀಟಿಯಲ್ಲಿ, ಕಾಯುವುದರಲ್ಲಿ ಖರ್ಚು ಮಾಡಿದೆವು.

ಮತ್ತೆ ಆ ಮಾತ್ರೆ. 2016ರಲ್ಲಿ ಭಾರತವೂ ಸೇರಿ 32 ದೇಶಗಳ ಒಂದು ದೊಡ್ಡ ಅಧ್ಯಯನ ಬಂತು. ನಾವು ಬದಲಿಸಬಹುದಾದ ಹತ್ತು ಕಾರಣಗಳಿಗೆ ಜಗತ್ತಿನ ಸುಮಾರು ನೂರಕ್ಕೆ 90ರಷ್ಟು ಸ್ಟ್ರೋಕ್‌ಗಳ ನಂಟಿದೆ ಎಂದು ಅದು ಹೇಳುತ್ತದೆ. ಮೈ ಅಲುಗಾಡಿಸದಿರುವುದು ಆ ಪಟ್ಟಿಯಲ್ಲಿದೆ. ಎಲ್ಲಕ್ಕಿಂತ ಮೇಲಿರುವುದು ಬಿಪಿ. ಟೀಚರ್ ಒಂದನ್ನು ಶ್ರದ್ಧೆಯಿಂದ ಗೆದ್ದು, ಇನ್ನೊಂದನ್ನು ಕೈಬಿಟ್ಟಿದ್ದರು. ಇದನ್ನು ಅವರ ಮುಂದೆಯೇ ಹೇಳಿದ್ದೇನೆ, ಅವರಿಗೆ ಬೇಸರ ಆಗಲಿಲ್ಲ.

ಆರನೇ ದಿನ ಮನೆಗೆ ಬಂದರು. ಮೂರು ದಿನ ಬಿಟ್ಟು ನಾನು ಮೊದಲ ಸಲ ಹೋದೆ. ಕಾಲು ಪರವಾಗಿಲ್ಲ, ಬಲಪಾದ ಸ್ವಲ್ಪ ಎಳೆಯುತ್ತಿತ್ತು. ಬಲಗೈ ಹಿಡಿತ ಕಡಿಮೆ, ಬೆರಳುಗಳಿಗೆ ನಾಜೂಕು ಇಲ್ಲ. ದೊಡ್ಡ ತೊಂದರೆ ಮಾತಿನದು. ಎದುರಿನವರು ಹೇಳಿದ್ದೆಲ್ಲ ಅರ್ಥವಾಗುತ್ತದೆ, ಹೇಳಬೇಕಾದ ಪದ ಮಾತ್ರ ನಾಲಿಗೆಗೆ ಬರುವುದಿಲ್ಲ. ಸೌಟು ತೋರಿಸಿದರೆ "ಅದು... ಅದು... ಸಾರು" ಎನ್ನುತ್ತಾರೆ. ಮೊಮ್ಮಗಳ ಹೆಸರು ಬರಲಿಲ್ಲ. ಆ ಮಗು ಒಳಗೆ ಹೋಗಿ ಅತ್ತಿತು.

ನನಗೆ ಏನನ್ನಿಸಿತೋ, ಟೀಚರ್, ಹದಿಮೂರರ ಮಗ್ಗಿ ಹೇಳಿ ಎಂದೆ. ಹದಿಮೂರೊಂದ್ಲ ಹದಿಮೂರು ಎಂದು ಶುರು ಮಾಡಿದವರು ನೂರಮೂವತ್ತರವರೆಗೆ ಒಂದೂ ತಪ್ಪದೆ ಹೇಳಿ ಮುಗಿಸಿದರು. ಮನೆಯವರೆಲ್ಲ ಬಾಯಿ ಬಿಟ್ಟು ನೋಡುತ್ತಿದ್ದರು. ಬಾಯಿಪಾಠ, ಭಜನೆ, ವಾರಗಳ ಹೆಸರು, ಇವು ಯೋಚಿಸಿ ಆಡುವ ಮಾತಿನ ದಾರಿಯಲ್ಲಿ ಪೂರ್ತಿಯಾಗಿ ಬರುವುದಿಲ್ಲ. ಅದಕ್ಕೇ ಮಾತು ಹೋದವರಲ್ಲೂ ಅವು ಎಷ್ಟೋ ಸಲ ಉಳಿದಿರುತ್ತವೆ. ಅಲ್ಲಿಂದ ನಮಗೆ ಒಂದು ಹಿಡಿಕೆ ಸಿಕ್ಕಿತು. ಮಗ್ಗಿ ಹೇಳುತ್ತಾ ನಡುವೆ ನಿಲ್ಲಿಸುವುದು, ಮುಂದಿನ ಅಂಕಿ ಬರೆಯುವುದು, ವಾರಗಳ ಹೆಸರು ಹೇಳುತ್ತಾ ಆ ದಿನ ಏನು ಅಡುಗೆ ಎಂದು ಸೇರಿಸುವುದು. ಮಾತಿನ ಥೆರಪಿಗೆ ಮೈಸೂರಿಗೆ ತಿಂಗಳಿಗೆ ಎರಡು ಸಲ ಹೋಗುತ್ತಿದ್ದರು, ಉಳಿದದ್ದು ಮನೆಯಲ್ಲಿ. ಮೊಮ್ಮಗಳ ಹೆಸರು ಬಂದದ್ದು ನಾನು ಹೋಗಲು ಶುರು ಮಾಡಿದ ಹನ್ನೊಂದನೇ ದಿನ. ಆ ದಿನ ಅತ್ತದ್ದು ಸೊಸೆ.

ಆಸ್ಪತ್ರೆಯಲ್ಲಿದ್ದಾಗ ಮಗನಿಗೆ ಆತುರವಿತ್ತು. ನಡಿಗೆಯಿಂದಲೇ ಉಳಿದರು ಅಂದಮೇಲೆ ನಾಳೆಯಿಂದಲೇ ಜಾಸ್ತಿ ನಡೆಸೋಣ ಎನ್ನುತ್ತಿದ್ದ. ಅಲ್ಲಿನವರು ತಡೆದದ್ದು ಒಳ್ಳೆಯದಾಯಿತು. 2015ರಲ್ಲಿ 2104 ರೋಗಿಗಳ ಮೇಲೆ ಇದನ್ನೇ ಪರೀಕ್ಷಿಸಿದ್ದರು. ಸ್ಟ್ರೋಕ್ ಆದ 24 ಗಂಟೆಯೊಳಗೇ ಎಬ್ಬಿಸಿ ಜಾಸ್ತಿ ಜಾಸ್ತಿ ನಡೆಸಿದವರು ಮೂರು ತಿಂಗಳ ನಂತರ ಉಳಿದವರಿಗಿಂತ ಹಿಂದೆ ಉಳಿದರು. ಮೊದಲೇ ಮಾಡಿಟ್ಟ ವ್ಯಾಯಾಮ ಬೇರೆ, ಪೆಟ್ಟು ಬಿದ್ದ ಮೊದಲ ದಿನದ ವ್ಯಾಯಾಮ ಬೇರೆ. ಆ ದಿನ ಮೆದುಳಿನ ಅರೆಜೀವದ ಜಾಗಕ್ಕೆ ಬೇಕಿರುವುದು ರಕ್ತ, ಅದನ್ನು ಕಾಲಿಗೆ ಕೇಳಬಾರದು. ಸ್ವಲ್ಪ ಸ್ವಲ್ಪ, ಆಗಾಗ, ಬಿಪಿ ನೋಡಿಕೊಂಡು.

ಮನೆಯಲ್ಲಿ ನಾವು ಜಗಲಿಯಲ್ಲಿ ಐದು ಸುತ್ತಿನಿಂದ ಶುರು ಮಾಡಿದೆವು. ಬೀಜ ಎತ್ತಿಡುವುದು ಬಲಗೈಯಲ್ಲೇ. ಮೊದಲ ವಾರ ಒಂದು ಕಾಫಿ ಬೀಜ ಎತ್ತಲು ನಡೆಯುವುದಕ್ಕಿಂತ ಜಾಸ್ತಿ ಹೊತ್ತು ಹಿಡಿಯುತ್ತಿತ್ತು. ಕೈಗೆ ಬೇರೆ ಕೆಲಸವೂ ಕೊಟ್ಟೆವು. ಮೆಣಸಿನಿಂದ ಕಡ್ಡಿ ಆರಿಸುವುದು, ಸ್ಲೇಟಿನ ಮೇಲೆ ಬಳಪ ಹಿಡಿದು ಅಕ್ಷರ ತಿದ್ದುವುದು, ಕಡಂಬುಟ್ಟಿಗೆ ಉಂಡೆ ಕಟ್ಟುವುದು. ರಬ್ಬರ್ ಚೆಂಡು ಹಿಸುಕುವುದಕ್ಕಿಂತ ಇವೇ ಒಳ್ಳೆಯದು ಎನ್ನುವುದು ನನ್ನ ಅನುಭವ. ಸೊಸೆಗೆ ಬೇಕಾದ ಕೆಲಸವಾದ್ದರಿಂದ ದಿನಾ ತಪ್ಪದೆ ಆಗುತ್ತದೆ. ಮತ್ತೆ ಒಂದು ವಿಷಯ ಗಮನಿಸಿದೆ. ಅವರಿಗೆ ಉಸಿರು ಬೇಗ ಸೋಲುತ್ತಿರಲಿಲ್ಲ. ಎಷ್ಟೋ ರೋಗಿಗಳಿಗೆ ಕೈಕಾಲು ಮಾಡುತ್ತೇನೆ ಎಂದರೂ ದೇಹಕ್ಕೆ ಕಸುವೇ ಇರುವುದಿಲ್ಲ, ಹತ್ತು ನಿಮಿಷಕ್ಕೆ ಸುಸ್ತು. ಟೀಚರ್ ಮುಕ್ಕಾಲು ಗಂಟೆ ಕೆಲಸ ಮಾಡಿ ಇನ್ನೇನು ಎಂದು ಕೇಳುವವರು.

ಮೂರು ತಿಂಗಳಿಗೆ ಅಡುಗೆ, ಸ್ನಾನ, ಬಟ್ಟೆ, ಎಲ್ಲ ತಾವೇ. ನಮ್ಮ ಸುಗ್ಗಿ ಹಬ್ಬ ಪುತ್ತರಿಯ ಹೊತ್ತಿಗೆ ಹತ್ತಿರದ ನೆಂಟರ ಮನೆಗೆ ನಡೆದುಕೊಂಡು ಹೋಗಿ ಬಂದರು. ರೊಬಸ್ಟಾ ಕೊಯ್ಲಿನಲ್ಲಿ ಕಣದ ತುಂಬ ಹಣ್ಣು ಹರಡಿದ್ದರಿಂದ ಸುತ್ತು ಮತ್ತೆ ಜಗಲಿಗೆ ಬಂತು. ಬಿಪಿ ಈಗ 128, 130ರ ಆಸುಪಾಸು. ಮಾತ್ರೆಯ ಡಬ್ಬಿ ಇರುವುದು ಕಟ್ಟೆಯ ಮೇಲೆ, ಎರಡು ಬಟ್ಟಲುಗಳ ನಡುವೆ. ಮಾತ್ರೆ ನುಂಗದೆ ಮೊದಲ ಬೀಜ ಎತ್ತುವಂತಿಲ್ಲ. ಈ ನಿಯಮ ಮಾಡಿದವರು ಟೀಚರೇ. ಮಳೆಗಾಲಕ್ಕೆ ಮೊದಲೇ ಎರಡು ತಿಂಗಳ ಮಾತ್ರೆ ತಂದಿಡುವ ಕೆಲಸ ಮಗನದ್ದು. ಸೊಸೆ ಗೋಡೆಗೆ ಒಂದು ಕಾಗದ ಅಂಟಿಸಿದ್ದಾರೆ: ಬಾಯಿ ಸೊಟ್ಟ, ಕೈ ಸೋಲು, ಮಾತು ತೊದಲು, ಗಂಟೆ ನೋಡು, ಹೊರಡು. ಕೆಳಗೆ ರೈಟರ್ ಮನೆಗೆ ಓಡುವ ಒಳದಾರಿಯ ಗೆರೆ ಎಳೆದಿದ್ದಾರೆ.

ಕೈಬರಹ ಮಾತ್ರ ಇನ್ನೂ ಹಳೆಯದರಂತಿಲ್ಲ. ಒತ್ತಕ್ಷರ ಬರೆಯುವಾಗ ಬಳಪ ಜಾರುತ್ತದೆ. ಕಳೆದ ವಾರ ಹೋದಾಗ ಸ್ಲೇಟಿನ ಮೇಲೆ ಮೊಮ್ಮಗಳ ಹೆಸರನ್ನು ನಾಲ್ಕು ಸಲ ಬರೆದಿದ್ದರು. ಮೂರನ್ನು ತಾವೇ ಅಳಿಸಿ, ನಾಲ್ಕನೆಯದನ್ನು ನನಗೆ ತೋರಿಸಲೆಂದು ಇಟ್ಟುಕೊಂಡಿದ್ದರು.